ಕವಿಮನೆಗೂ ಸಿಐಡಿ 999ಗೂ ಜಗಳ ಹಚ್ಚಬೇಡಿ

ಕುಪ್ಪಳಿಯ ಕವಿಮನೆ ಅಂದರೆ ನನಗೆ ಪ್ರಾಣ. ಆ ತೊಟ್ಟಿಮನೆಯ ಕಂಬ ಮುಟ್ಟಿ, ಕವಿಶೈಲದ ಬಂಡೆಯ ಮೇಲೆ ಕೂರದೆ ತೀರ್ಥಹಳ್ಳಿ ಕಡೆಯಿಂದ ವಾಪಸ್ ಬಂದರೆ ಸಮಾಧಾನವಿಲ್ಲ. ರಾಜಕುಮಾರ್ ಅವರ ಸಿಐಡಿ 999 ಸಿನಿಮಾಗಳೂ ನನಗೆ ಅಷ್ಟೇ ಇಷ್ಟ. ಇಷ್ಟು ಹೇಳಿದರೆ ಸಾಕು, ನಮ್ಮ ಕಡೆಯ ಕೆಲವು ಸಾಹಿತ್ಯಪ್ರಿಯರು ಮುಖ ಸಿಂಡರಿಸುತ್ತಾರೆ. ಕುವೆಂಪು ಓದುವವರಿಗೆ ಪಿಸ್ತೂಲಿನ ಸಿನಿಮಾ ಯಾಕೆ ಅಂತ.

ಯಾಕಾಗಬಾರದು ಸ್ವಾಮಿ?

1968ರಲ್ಲಿ ‘ಜೇಡರ ಬಲೆ’ ಮಾಡಿ ಕನ್ನಡಕ್ಕೆ ಬಾಂಡ್ ಮಾದರಿಯ ಪತ್ತೇದಾರನನ್ನು ಕೊಟ್ಟವರು ದೊರೈ-ಭಗವಾನ್. 1982ರಲ್ಲಿ ‘ಹೊಸ ಬೆಳಕು’ ಮಾಡಿ, ಅದರಲ್ಲಿ ಕುವೆಂಪು ಕವಿತೆಯನ್ನು ಹಾಡಾಗಿಸಿದವರೂ ಅವರೇ. ನಾಯಕನೂ ಅದೇ ರಾಜಕುಮಾರ್. ಪುಸ್ತಕ ಮುಟ್ಟದ ಮನೆಗಳಿಗೂ ಆ ಕವಿತೆ ಹೋದದ್ದು ಸಿನಿಮಾದ ದಾರಿಯಲ್ಲಿ. ನಿರ್ದೇಶಕರಿಗೆ ಇಲ್ಲದ ಮಡಿ ನಮಗ್ಯಾಕೆ?

ಕುವೆಂಪು ಅವರನ್ನೇ ನೋಡಿ. ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕವನ್ನು ಬಿದನೂರಿಗೆ ತಂದು ‘ರಕ್ತಾಕ್ಷಿ’ ಬರೆದರು. ಬಿದನೂರು ಅಂದರೆ ನಮ್ಮ ಹೊಸನಗರ ತಾಲ್ಲೂಕಿನ ನಗರವೇ. ಅದರಲ್ಲಿ ಏನಿದೆ? ಅರಮನೆಯ ಒಳಸಂಚು, ಕೊಲೆ, ಸೇಡು. ಮುಂದೇನಾಯಿತು ಅನ್ನುವ ಕುತೂಹಲ ಕೀಳು ರುಚಿಯಾದರೆ ಅದನ್ನೂ ಬಿಡಬೇಕಾಗುತ್ತದೆ.

ಸಾಗರದ ಹೆಗ್ಗೋಡಿನಲ್ಲಿ ನೀನಾಸಂ 1973ರಲ್ಲಿ ಚಿತ್ರಸಮಾಜ ಕಟ್ಟಿತು. ಜಗತ್ತಿನ ದೊಡ್ಡ ಸಿನಿಮಾಗಳನ್ನು ಹಳ್ಳಿಯವರ ಮುಂದಿಟ್ಟಿತು. ಅಲ್ಲಿ ತೋರಿಸಿದ್ದು ಪತ್ತೇದಾರಿ ಸಿನಿಮಾ ಅಲ್ಲವಲ್ಲ ಅನ್ನಬಹುದು, ಒಪ್ಪಿದೆ. ಆದರೆ ಕೆ.ವಿ. ಸುಬ್ಬಣ್ಣನವರ ನಂಬಿಕೆ ಏನಿತ್ತು? ಅಡಿಕೆ ಸುಲಿಯುವವರೂ ನೋಡಿ, ಯೋಚಿಸಿ, ತಮ್ಮ ತೀರ್ಮಾನ ತಾವೇ ಮಾಡಬಲ್ಲರು ಅಂತ. ಆ ನಂಬಿಕೆಯೇ ಈ ಟೀಕಾಕಾರರಿಗೆ ಇಲ್ಲ.

ಇದರಿಂದ ನಷ್ಟ ನನಗಲ್ಲ, ಮಕ್ಕಳಿಗೆ. ಫೋನಿನಲ್ಲಿ ಬಾಂಡ್ ನೋಡುವ ಹುಡುಗನಿಗೆ ನಿನಗೆ ಸಾಹಿತ್ಯ ಹತ್ತುವುದಿಲ್ಲ ಅಂದರೆ ಅವನು ಅದನ್ನೇ ನಂಬುತ್ತಾನೆ. ಕವಿಮನೆಗೆ ಶಾಲಾ ಪ್ರವಾಸದಲ್ಲಿ ಒಮ್ಮೆ ಬಂದು, ಸೆಲ್ಫಿ ತೆಗೆದು ಹೋಗುತ್ತಾನೆ, ಮತ್ತೆ ಬರುವುದಿಲ್ಲ.

2015ರ ನವೆಂಬರಿನಲ್ಲಿ ಅದೇ ಕವಿಮನೆಗೆ ಕಳ್ಳರು ನುಗ್ಗಿ ಪದ್ಮ ಪದಕಗಳನ್ನು ಕದ್ದರು. ಊರಿಗೆ ಊರೇ ಸಂಕಟಪಟ್ಟಿತು, ಸರಿಯೇ. ಆದರೆ ಪದಕ ಹೋದರೂ ಕವಿ ಉಳಿಯುತ್ತಾರೆ. ಓದುವ ಹುಡುಗರು ಹೋದರೆ ಉಳಿಯುವುದು ಬರೀ ಮರದ ಕಂಬ.

ಮೇಷ್ಟ್ರೇ, ಅಕ್ಕಾವ್ರೇ, ಬಾಂಡ್ ನೋಡುವ ಹುಡುಗನ ಕೈಗೆ ‘ರಕ್ತಾಕ್ಷಿ’ ಕೊಟ್ಟು ನೋಡಿ. ಬೈಗುಳ ಆಮೇಲೆ ಇದ್ದೇ ಇದೆ.