ಗುಲಾಮರನ್ನ 'ಕೆಲಸಗಾರರು' ಮಾಡಿದ ಪುಸ್ತಕ, ಮತ್ತು ನಮ್ಮ 'ಸಾಮಾಜಿಕ ಪಿಡುಗು'

ಮೊನ್ನೆ ರಾತ್ರಿ ಮಗಳು ಸಮಾಜ ವಿಜ್ಞಾನದ ನೋಟ್ಸ್ ಬಾಯಿಪಾಠ ಮಾಡ್ತಾ ಇದ್ದಳು. ಅಸ್ಪೃಶ್ಯತೆ ಒಂದು ಸಾಮಾಜಿಕ ಪಿಡುಗು, ಅಸ್ಪೃಶ್ಯತೆ ಒಂದು ಸಾಮಾಜಿಕ ಪಿಡುಗು. ಎರಡು ಸಲ ಹೇಳಿ ನಿಲ್ಲಿಸಿದಳು.

"ಅಪ್ಪ, ಪಿಡುಗು ಅಂದ್ರೆ ಕಾಯಿಲೆನಾ?"

ಹೂಂ ಅಂದೆ.

"ಹಂಗಾದ್ರೆ ಯಾರಿಂದ ಬಂತು?"

ಯಾರಿಂದ ಬಂತು ಅನ್ನೋದು ಅವಳ ಅಜ್ಜಿಗೆ ಚೆನ್ನಾಗಿ ಗೊತ್ತು. ಯಾರ ಮನೆ ಮುಂದೆ ಚಪ್ಪಲಿ ಕೈಲಿ ಹಿಡ್ಕೊಂಡು ಹೋಗ್ಬೇಕಿತ್ತು, ಯಾರ ಹೋಟೆಲಿನಲ್ಲಿ ಲೋಟ ಬೇರೆ ಇತ್ತು, ಎಲ್ಲಾ ಹೆಸರು ಸಮೇತ ಹೇಳ್ತಾರೆ. ಆದ್ರೆ ಮಗಳು ಬಾಯಿಪಾಠ ಮಾಡ್ತಿದ್ದ ವಾಕ್ಯದಲ್ಲಿ ಆ ಹೆಸರುಗಳಿಗೆ ಜಾಗವೇ ಇಲ್ಲ. ಪ್ಲೇಗು ಬಂದಂಗೆ, ಕಾಲರಾ ಬಂದಂಗೆ ಅಸ್ಪೃಶ್ಯತೆನೂ ಎಲ್ಲಿಂದಲೋ ಬಂತು, ಮಹಾತ್ಮರು ಬಂದ್ರು, ಹೋಯ್ತು. ಮಾಡಿದವನು ಯಾರೂ ಇಲ್ಲ. ಅನುಭವಿಸಿದವರು ಮಾತ್ರ ನಾವು.

ಇದು ನಮ್ಮೂರಿನ ಮೇಷ್ಟ್ರ ನೋಟ್ಸಿನ ಕಥೆ ಮಾತ್ರ ಅಂದ್ಕೋಬೇಡಿ. ಪ್ರಪಂಚದ ದೊಡ್ಡ ದೊಡ್ಡ ಪಠ್ಯಪುಸ್ತಕ ಕಂಪನಿಗಳಲ್ಲಿ ಒಂದರ ಕಥೆ ಹೇಳ್ತೀನಿ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ಹೆಸರು ಮೆಕ್‌ಗ್ರಾ ಹಿಲ್. ನಿಮಗೆ ಗೊತ್ತಿರೋ ಹೆಸರೇ. ಕೆಎಎಸ್, ಐಎಎಸ್‌ಗೆ ಓದೋ ನಮ್ಮ ಹಾಸ್ಟೆಲ್ ಹುಡುಗರ ಮೇಜಿನ ಮೇಲೆ ದಪ್ಪಗೆ ಕೂತಿರುತ್ತಲ್ಲ ಲಕ್ಷ್ಮೀಕಾಂತ್ ಅವರ ಇಂಡಿಯನ್ ಪಾಲಿಟಿ, ಅದರ ಪ್ರಕಾಶಕರು ಇವರೇ. 1970ರಲ್ಲಿ ಟಾಟಾ ಜೊತೆ ಸೇರಿ 'ಟಾಟಾ ಮೆಕ್‌ಗ್ರಾ ಹಿಲ್' ಅಂತ ಇಂಡಿಯಾಕ್ಕೆ ಬಂದ ಕಂಪನಿ.

ಶುರು ಮಾಡಿದ್ದು ಜೇಮ್ಸ್ ಮೆಕ್‌ಗ್ರಾ ಅಂತ ಒಬ್ಬ ಹಳ್ಳಿ ಕಡೆಯ ಸ್ಕೂಲ್ ಮೇಷ್ಟ್ರು. 1888ರಲ್ಲಿ ರೈಲ್ವೆ ಸಾಮಾನುಗಳ ಬಗ್ಗೆ ಬರ್ತಿದ್ದ ಒಂದು ಪತ್ರಿಕೆ ಕೊಂಡ್ಕೊಂಡ. ಇನ್ನೊಬ್ಬ ಜಾನ್ ಹಿಲ್, ಅವನೂ ರೈಲು ಇಂಜಿನ್ನಿನ ಪತ್ರಿಕೆಯವನೇ. 1909ರಲ್ಲಿ ಇಬ್ಬರೂ ತಮ್ಮ ಪುಸ್ತಕ ವಿಭಾಗಗಳನ್ನ ಒಂದು ಮಾಡಿದ್ರು. ಯಾರ ಹೆಸರು ಮೊದಲು ಬರ್ಬೇಕು ಅಂತ ನಾಣ್ಯ ಚಿಮ್ಮಿದ್ರಂತೆ. ಮೆಕ್‌ಗ್ರಾ ಗೆದ್ದ, ಹೆಸರು ಮುಂದೆ ಬಂತು. ಸೋತ ಹಿಲ್ ಅಧ್ಯಕ್ಷ ಆದ. ಇಂಜಿನಿಯರಿಂಗ್ ಪುಸ್ತಕ ಅಂದ್ರೆ ಇವರದ್ದೇ ಅನ್ನೋ ಹಂಗೆ ಬೆಳೆದ್ರು. 1965ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಪರೀಕ್ಷಾ ಕಂಪನಿ ಕೊಂಡ್ರು. ಅಂದ್ರೆ ಪಾಠ ಮಾರೋರೂ ಅವರೇ, ಪರೀಕ್ಷೆ ಮಾರೋರೂ ಅವರೇ. 1966ರಲ್ಲಿ ಸ್ಟ್ಯಾಂಡರ್ಡ್ ಅಂಡ್ ಪೂರ್ಸ್ ಕೊಂಡ್ರು. ಯಾವ ದೇಶಕ್ಕೆ ಸಾಲ ಕೊಡಬಹುದು, ಯಾವ ದೇಶ ದಿವಾಳಿ ಅಂತ ಮಾರ್ಕ್ಸ್ ಹಾಕೋ ಕಂಪನಿ ಅದು. 2013ರಲ್ಲಿ ಪಠ್ಯಪುಸ್ತಕದ ವಿಭಾಗವನ್ನ ಅಪೋಲೋ ಅನ್ನೋ ಹೂಡಿಕೆ ಕಂಪನಿಗೆ ಸುಮಾರು 240 ಕೋಟಿ ಡಾಲರಿಗೆ ಮಾರಿದ್ರು. 2021ರಲ್ಲಿ ಅಪೋಲೋ ಅದನ್ನ ಇನ್ನೊಂದು ಹೂಡಿಕೆ ಕಂಪನಿಗೆ ಸುಮಾರು 450 ಕೋಟಿ ಡಾಲರಿಗೆ ಮಾರಿತು. ಮಕ್ಕಳ ಚರಿತ್ರೆ ಪಾಠ ಸೈಟು ಕೈ ಬದಲಾದಂಗೆ ಕೈ ಬದಲಾಯ್ತು.

ಇಷ್ಟು ದೊಡ್ಡ ಕಂಪನಿಯ ಭೂಗೋಳದ ಪುಸ್ತಕ 2015ರಲ್ಲಿ ಟೆಕ್ಸಾಸ್‌ನ ಹ್ಯೂಸ್ಟನ್ ಹತ್ರ ಒಬ್ಬ ಕಪ್ಪು ಹುಡುಗನ ಕೈಗೆ ಬಂತು. ಒಂಬತ್ತನೇ ಕ್ಲಾಸು, ನನ್ನ ಮಗಳಷ್ಟೇ ವಯಸ್ಸು. ಅಮೆರಿಕಕ್ಕೆ ಯಾರ್ಯಾರು ವಲಸೆ ಬಂದ್ರು ಅನ್ನೋ ಪಾಠದಲ್ಲಿ ಒಂದು ನಕ್ಷೆ. ಅದರ ಪಕ್ಕದ ಟಿಪ್ಪಣಿಯ ಸಾರ ಏನಪ್ಪಾ ಅಂದ್ರೆ, ಗುಲಾಮರ ವ್ಯಾಪಾರದಿಂದ ಆಫ್ರಿಕಾದ ಲಕ್ಷಾಂತರ 'ವರ್ಕರ್ಸ್' ತೋಟಗಳಲ್ಲಿ ಕೆಲಸ ಮಾಡಕ್ಕೆ ಬಂದ್ರು ಅಂತ.

ವರ್ಕರ್ಸ್. ಕೆಲಸಗಾರರು!

ಹುಡುಗ ಫೋಟೋ ತೆಗೆದು ಅಮ್ಮನಿಗೆ ಕಳಿಸಿದ. ಆಕೆ ಹಿಂದೆ ಟೀಚರ್ ಆಗಿದ್ದವರು. ಪುಸ್ತಕ ಇಡೀ ತಿರುವಿ ನೋಡಿ ಫೇಸ್‌ಬುಕ್‌ಗೆ ಹಾಕಿದ್ರು. ಯುರೋಪಿನಿಂದ ಬಂದ ಬಿಳಿಯರ ಬಗ್ಗೆ ಬರೀವಾಗ, ಪಾಪ ಅವರಲ್ಲಿ ಕೆಲವರು ಸಂಬಳ ಇಲ್ದೆ ಕರಾರಿನ ಆಳಾಗಿ ದುಡಿದ್ರು ಅಂತ ಅದೇ ಪಾಠ ಹೇಳುತ್ತೆ. ಬಿಳಿಯನ ಬೆವರಿಗೆ ಲೆಕ್ಕ ಇದೆ. ಸರಪಳಿ ಹಾಕಿಸ್ಕೊಂಡು, ಹಡಗಿನ ತಳದಲ್ಲಿ ಸಾಮಾನಿನ ಥರ ತುಂಬಿಸ್ಕೊಂಡು ಬಂದವನು ಮಾತ್ರ 'ಕೆಲಸಗಾರ'. ಟಿಪ್ಪಣಿಯಲ್ಲಿ ಗುಲಾಮರ ವ್ಯಾಪಾರ ಅನ್ನೋ ಮಾತು ಇತ್ತು ನಿಜ. ವ್ಯಾಪಾರ ಇತ್ತು, ಆದ್ರೆ ಗುಲಾಮ ಇರಲಿಲ್ಲ. ಚಾವಟಿ ಹಿಡಿದವನೂ ಇರಲಿಲ್ಲ.

ಗಲಾಟೆ ಜೋರಾದ ಮೇಲೆ ಕಂಪನಿ ತಪ್ಪಾಯ್ತು ಅಂತು. ಆನ್‌ಲೈನ್ ಪುಸ್ತಕದಲ್ಲಿ ತಿದ್ದಿದ್ರು. ಆದ್ರೆ ಆಗಲೇ ಪ್ರಿಂಟ್ ಆಗಿದ್ದ ಲಕ್ಷಕ್ಕೂ ಹೆಚ್ಚು ಪ್ರತಿಗಳು? ಶಾಲೆಗಳಿಗೆ ಒಂದು ಸ್ಟಿಕ್ಕರ್ ಕೊಡ್ತೀವಿ, ಆ ಸಾಲಿನ ಮೇಲೆ ಅಂಟಿಸ್ಕೊಳ್ಳಿ ಅಂದ್ರು. ಕೇಳಿದವರಿಗೆ ಹೊಸ ಪ್ರತಿ ಕೊಡ್ತೀವಿ ಅಂತಾನೂ ಅಂದ್ರು. ನಾನೂರು ವರ್ಷದ ಗುಲಾಮಗಿರಿಗೆ ಒಂದು ಸ್ಟಿಕ್ಕರ್.

ಈಗ ಇನ್ನೊಂದು ಘಟನೆ. ಐದೇ ತಿಂಗಳಾದ ಮೇಲೆ, 2016ರ ಮಾರ್ಚ್. ಇದೇ ಕಂಪನಿಯ ಕಾಲೇಜು ರಾಜ್ಯಶಾಸ್ತ್ರದ ಪುಸ್ತಕದಲ್ಲಿ ಪ್ಯಾಲೆಸ್ಟೀನಿಯರು ಭೂಮಿ ಕಳ್ಕೊಳ್ತಾ ಬಂದಿದ್ದನ್ನ ತೋರಿಸೋ ನಕ್ಷೆಗಳಿದ್ವು. ಇಸ್ರೇಲ್ ಪರ ಇರೋರು ಆಕ್ಷೇಪ ಎತ್ತಿದ್ರು. ಸ್ಟಿಕ್ಕರ್ ಕೊಟ್ರಾ? ಇಲ್ಲ. ಮಾರಾಟ ನಿಲ್ಲಿಸಿ, ಉಳಿದ ಪ್ರತಿಗಳನ್ನ ನಾಶ ಮಾಡಿದ್ರು, ಕೊಂಡವರಿಗೆ ದುಡ್ಡು ವಾಪಸ್ ಕೊಡ್ತೀವಿ ಅಂದ್ರು. ಅದು ಕಾಲೇಜು ಪುಸ್ತಕ, ಸ್ಕೂಲ್ ಪುಸ್ತಕದಷ್ಟು ಪ್ರತಿ ಇರಲ್ಲ ಅಂತ ನೀವು ವಾದ ಮಾಡಬಹುದು, ಒಪ್ತೀನಿ. ಆ ನಕ್ಷೆ ಸರಿಯೋ ತಪ್ಪೋ ಅನ್ನೋದೂ ಬೇರೆ ಚರ್ಚೆ. ನಾನು ಹೇಳೋದು ಇಷ್ಟೇ: ಪುಸ್ತಕ ವಾಪಸ್ ತಗೊಳ್ಳಕ್ಕೆ ಆಗಲ್ಲ ಅಂತೇನಿಲ್ಲ. ಆಗುತ್ತೆ. ಯಾರು ಕೇಳ್ತಾರೆ ಅನ್ನೋದರ ಮೇಲೆ ನಿಂತಿರುತ್ತೆ.

"ಅಯ್ಯೋ ಬಿಡಿ ಸಾರ್, ಎಡಿಟಿಂಗ್‌ನಲ್ಲಿ ಕಣ್ತಪ್ಪು" ಅಂತ ಹೇಳೋರು ಅಲ್ಲೂ ಇದ್ರು, ಇಲ್ಲೂ ಇದಾರೆ. ನೂರು ವರ್ಷದಿಂದ ಇಂಜಿನಿಯರಿಂಗ್ ಪುಸ್ತಕ ಮಾಡ್ಕೊಂಡು ಬಂದಿರೋ ಕಂಪನಿ ಕಣ್ರೀ. ವೋಲ್ಟಿಗೂ ಆಂಪಿಯರಿಗೂ ವ್ಯತ್ಯಾಸ ಗೊತ್ತಿರೋರಿಗೆ ಕೂಲಿಗೂ ಗುಲಾಮಗಿರಿಗೂ ವ್ಯತ್ಯಾಸ ಗೊತ್ತಾಗಲ್ವಾ? ಕಣ್ತಪ್ಪು ನಿಜವಾಗ್ಲೂ ಕಣ್ತಪ್ಪೇ ಆಗಿದ್ರೆ ಒಂದೊಂದ್ಸಲ ಆ ಕಡೆನೂ ಬೀಳ್ಬೇಕು. ಯಾವ ಪುಸ್ತಕದಲ್ಲಾದ್ರೂ ಕಣ್ತಪ್ಪಿ ಜಮೀನ್ದಾರನನ್ನ ಕಳ್ಳ ಅಂತ ಪ್ರಿಂಟ್ ಮಾಡಿದ್ದು ನೋಡಿದೀರಾ?

ಕಾರಣ ಬೇರೆ ಇದೆ. ಟೆಕ್ಸಾಸ್‌ನ ಸರ್ಕಾರಿ ಶಾಲೆಗಳಲ್ಲಿ 50 ಲಕ್ಷಕ್ಕೂ ಹೆಚ್ಚು ಮಕ್ಕಳು ಓದ್ತಾರೆ. ಅಷ್ಟು ದೊಡ್ಡ ಗಿರಾಕಿ ಏನು ಕೇಳ್ತಾನೋ ಅದನ್ನ ಕಂಪನಿ ಬರೆದು ಕೊಡುತ್ತೆ. 2010ರಲ್ಲಿ ಅಲ್ಲಿಯ ಶಿಕ್ಷಣ ಮಂಡಳಿ ಹೊಸ ಪಠ್ಯಕ್ರಮ ಮಾಡ್ತು. ಅಮೆರಿಕದ ಅಂತರ್ಯುದ್ಧಕ್ಕೆ ಕಾರಣಗಳ ಪಟ್ಟಿಯಲ್ಲಿ ಗುಲಾಮಗಿರಿಯನ್ನ ಕೊನೆಗೆ ತಳ್ಳಿ, ರಾಜ್ಯಗಳ ಹಕ್ಕು ಪಕ್ಕು ಅಂತ ಮುಂದೆ ಇಟ್ರು. ಅದು ಸರಿಯಾಗಕ್ಕೆ 2018ರವರೆಗೆ ಕಾಯ್ಬೇಕಾಯ್ತು. ಟಿಪ್ಪಣಿ ಬರೆದ ಗುಮಾಸ್ತ ಮಂಡಳಿಯ ಮನಸ್ಸು ಅರ್ಥ ಮಾಡ್ಕೊಂಡು ಬರೆದಿದಾನೆ, ಅಷ್ಟೆ. ಕಂಪನಿ ಎಷ್ಟು ಚೆನ್ನಾಗಿ ಅರ್ಥ ಮಾಡ್ಕೊಳ್ಳುತ್ತೆ ಅಂದ್ರೆ, 2020ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಒಂದೇ ಪುಸ್ತಕದ ಕ್ಯಾಲಿಫೋರ್ನಿಯಾ ಪ್ರತಿ, ಟೆಕ್ಸಾಸ್ ಪ್ರತಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡ್ತು. ಪ್ರಕಾಶಕ ಅದೇ, ಲೇಖಕರು ಅದೇ, ಒಳಗಿನ ಚರಿತ್ರೆ ಮಾತ್ರ ಬೇರೆ ಬೇರೆ. ಮೆಕ್‌ಗ್ರಾ ಹಿಲ್‌ನ ಟೆಕ್ಸಾಸ್ ಪ್ರತಿಯಲ್ಲಿ, ಹಾರ್ಲೆಮ್‌ನ ಕಪ್ಪು ಸಾಹಿತಿಗಳ ಬರವಣಿಗೆಯ ಗುಣಮಟ್ಟವನ್ನ ಕೆಲವು ವಿಮರ್ಶಕರು ತಳ್ಳಿಹಾಕಿದ್ರು ಅಂತ ಒಂದು ಮಾತು ಸೇರ್ಕೊಂಡಿತ್ತು. ಇಂಥ ಮಾತು ನಮಗೇನು ಹೊಸದಾ? ದಲಿತ ಸಾಹಿತ್ಯದಲ್ಲಿ ಕಲೆ ಕಡಿಮೆ ಅಂತ ಎಷ್ಟು ಸೆಮಿನಾರಿನಲ್ಲಿ ಕೇಳಿಲ್ಲ ನಾವು!

ನಾನೂ ಗುಮಾಸ್ತ. ದಿನಾ ಕಡತ ಬರೆಯೋನು. 'ಕ್ರಮ ಕೈಗೊಳ್ಳಲಾಗುವುದು', 'ಪರಿಶೀಲನೆಯಲ್ಲಿರುತ್ತದೆ', 'ಕಡತ ಲಭ್ಯವಿರುವುದಿಲ್ಲ' ಅಂತ ಬರೆದು ಬರೆದು ಕೈ ಪಳಗಿದೆ. ಕಡತ ಕಳೆದವನು ಯಾರು ಅಂತ ಬರೀಬಾರದು ಅಂದಾಗ ಹೀಗೆ ಬರೀತೀವಿ. ಮಾಡಿದವನನ್ನ ವಾಕ್ಯದಿಂದ ಹೊರಗೆ ಕಳಿಸೋ ವಿದ್ಯೆ ಅದು. ಅದಕ್ಕೇ ಪಠ್ಯಪುಸ್ತಕದಲ್ಲಿ 'ಜಾತಿ ಪದ್ಧತಿ ಆಚರಣೆಯಲ್ಲಿತ್ತು', 'ಶೋಷಣೆಗೆ ಒಳಗಾಗಿದ್ದರು', 'ದೇವಾಲಯ ಪ್ರವೇಶವಿರಲಿಲ್ಲ' ಅನ್ನೋ ಥರದ ವಾಕ್ಯ ಕಂಡ ತಕ್ಷಣ ನನಗೆ ವಾಸನೆ ಹೊಡೆಯುತ್ತೆ. ಬಾಗಿಲಿಗೆ ಅಡ್ಡ ನಿಂತಿದ್ದವರು ಯಾರು ಸ್ವಾಮಿ?

ನಮ್ಮ ಜಾತಿಯ ಪಾಠಕ್ಕೂ ಅಮೆರಿಕದ ಈ ಪುಸ್ತಕಗಳಿಗೂ ನೇರ ಸಂಬಂಧ ಇದೆ. 2005-06ರಲ್ಲಿ ಕ್ಯಾಲಿಫೋರ್ನಿಯಾದ ಆರನೇ ಕ್ಲಾಸಿನ ಪ್ರಾಚೀನ ಭಾರತದ ಪಾಠ ತಿದ್ದಿ ಅಂತ ಅಲ್ಲಿಯ ಹಿಂದೂ ಸಂಘಟನೆಗಳು ಪಟ್ಟಿ ಹಿಡ್ಕೊಂಡು ಹೋದ್ವು. ಜಾತಿ ಬಗ್ಗೆ, ಹೆಂಗಸರ ಸ್ಥಾನಮಾನದ ಬಗ್ಗೆ ಇರೋ ಮಾತನ್ನ ಮೆತ್ತಗೆ ಮಾಡಿ ಅನ್ನೋದೂ ಆ ಪಟ್ಟಿಯಲ್ಲಿತ್ತು. ಅಲ್ಲಿಯ ದಲಿತರು, ಚರಿತ್ರೆಕಾರರು ಎದುರು ನಿಂತ್ರು. 2016ರಲ್ಲಿ ಮತ್ತೆ ಅದೇ ಜಗಳ, 'ದಲಿತ' ಅನ್ನೋ ಪದವೇ ಬೇಡ ಅನ್ನೋವರೆಗೂ ಹೋಯ್ತು. ಏಳು ಸಮುದ್ರ ದಾಟಿ ಹೋದ್ರೂ ನಮ್ಮ ಹೆಸರು ಪುಸ್ತಕದಲ್ಲಿ ಇರಬಾರದು ಅನ್ನೋ ಆಸೆ ಮಾತ್ರ ದಾಟಿಲ್ಲ, ಜೊತೆಗೇ ಹೋಗಿದೆ.

ಇನ್ನು ನಮ್ಮಲ್ಲಿ. 2019ರಲ್ಲಿ ಎನ್‌ಸಿಇಆರ್‌ಟಿ ಒಂಬತ್ತನೇ ಕ್ಲಾಸಿನ ಚರಿತ್ರೆಯಿಂದ ಉಡುಪಿನ ಇತಿಹಾಸದ ಅಧ್ಯಾಯ ತೆಗೆದುಹಾಕ್ತು. ಅದರ ಜೊತೆ, ಎದೆ ಮುಚ್ಚಿಕೊಳ್ಳೋ ಹಕ್ಕಿಗಾಗಿ ತಿರುವಾಂಕೂರಿನ ನಾಡಾರ್ ಹೆಂಗಸರು ಮಾಡಿದ ಹೋರಾಟನೂ ಹೋಯ್ತು. ಮಕ್ಕಳಿಗೆ ಹೊರೆ ಕಡಿಮೆ ಮಾಡಕ್ಕೆ ಅಂದ್ರು. 2022ರಲ್ಲಿ ಕರ್ನಾಟಕದ ಪರಿಷ್ಕರಣೆ ನೆನಪಿದೆಯಲ್ಲ? ರೋಹಿತ್ ಚಕ್ರತೀರ್ಥ ಸಮಿತಿ ಕೈಯಾಡಿಸಿದ ಒಂಬತ್ತನೇ ಕ್ಲಾಸಿನ ಪುಸ್ತಕದಲ್ಲಿ ಬಾಬಾಸಾಹೇಬರ ಹೆಸರಿನ ಜೊತೆ ಇದ್ದ 'ಸಂವಿಧಾನ ಶಿಲ್ಪಿ' ಮಾಯ. ದೇವನೂರ ಮಹಾದೇವ ಅವರು ನನ್ನ ಪಾಠವೇ ಬೇಡ ಅಂತ ಅನುಮತಿ ವಾಪಸ್ ತಗೊಂಡ್ರು. ಬೀದಿಗಿಳಿದ ಮೇಲೆ ಸರ್ಕಾರ ತಿದ್ದುಪಡಿ ಮಾಡ್ತು, ಆದ್ರೆ ಅಷ್ಟೊತ್ತಿಗೆ ಪುಸ್ತಕ ಪ್ರಿಂಟ್ ಆಗಿತ್ತು, ತಿದ್ದುಪಡಿ ಬೇರೆ ಹಾಳೆಯಲ್ಲಿ. 2023ರಲ್ಲಿ ಸರ್ಕಾರ ಬದಲಾಗಿ ಸಾವಿತ್ರಿಬಾಯಿ ಫುಲೆ ಪಾಠ ವಾಪಸ್ ಬಂತು, ಸಂತೋಷ. ಅದೂ ಪೂರಕ ಪುಟದಲ್ಲೇ. ಟೆಕ್ಸಾಸ್‌ನಲ್ಲಿ ಸ್ಟಿಕ್ಕರ್, ನಮ್ಮಲ್ಲಿ ಪೂರಕ ಹಾಳೆ. ಮೂಲ ಪುಸ್ತಕದ ಒಳಗೆ ನಾವು ಯಾವಾಗ ಕೂರೋದು?

ಈಗ ನಮ್ಮವರಿಗೇ ಒಂದು ಮಾತು, ಬೇಜಾರಾದ್ರೂ ಪರವಾಗಿಲ್ಲ. ಏಪ್ರಿಲ್ 14ಕ್ಕೆ ಡಿಜೆಗೆ, ಫ್ಲೆಕ್ಸಿಗೆ ಚಂದಾ ಎತ್ತುತೀವಿ. ನಮ್ಮ ಮಗು ಏನು ಓದ್ತಿದೆ ಅಂತ ಜೂನ್‌ನಲ್ಲಿ ಬಂದ ಪುಸ್ತಕ ತೆರೆದು ನೋಡಿದವರು ಎಷ್ಟು ಜನ? 'ಸಂವಿಧಾನ ಶಿಲ್ಪಿ' ಹೋದಾಗ ಎಲ್ಲರಿಗೂ ಸಿಟ್ಟು ಬಂತು, ಯಾಕಂದ್ರೆ ಅದು ಕಣ್ಣಿಗೆ ಕಾಣೋ ಗಾಯ. 'ಪಿಡುಗು' ಅನ್ನೋದು ಕಾಣದ ಗಾಯ, ಅದನ್ನ ನಮ್ಮ ಭಾಷಣದಲ್ಲೇ ನಾವು ಬಳಸ್ತೀವಿ. ನಮ್ಮ ಸರ್ಕಾರ ಬಂತು ಅಂತ ಸುಮ್ಮನಾದ್ರೆ, ಮುಂದಿನ ಸರ್ಕಾರಕ್ಕೆ ಆ ಹಾಳೆ ಕಿತ್ತುಹಾಕಕ್ಕೆ ಒಂದು ನಿಮಿಷ ಸಾಕು.

ಖಾಸಗಿ ಇಂಗ್ಲಿಷ್ ಮೀಡಿಯಂಗೆ ಸಾಲ ಮಾಡಿ ಸೇರಿಸಿರೋರು ಇನ್ನೂ ಹುಷಾರಾಗಿರ್ಬೇಕು. ಅಲ್ಲಿ ಪುಸ್ತಕ ಯಾವ ಕಂಪನಿದು, ಆರಿಸಿದ್ದು ಯಾರು ಅಂತ ಕೇಳೋರೇ ಇರಲ್ಲ. ಬಿಲ್ ಕೊಟ್ಟು ಚೀಲ ಹೊತ್ಕೊಂಡು ಬರ್ತೀವಿ.

ಆ ತಾಯಿ ಏನು ಮಾಡಿದ್ರು? ಮಗನ ಪುಸ್ತಕ ತೆರೆದು ಓದಿದ್ರು, ಫೋಟೋ ಸಮೇತ ಕೇಳಿದ್ರು. ಅಷ್ಟಕ್ಕೇ ಕಂಪನಿಯ ದೊಡ್ಡವನು ತಪ್ಪೊಪ್ಪಿಕೊಂಡ. ನಾವೂ ಅಷ್ಟು ಮಾಡೋಣ. ಈ ಭಾನುವಾರ ಮಕ್ಕಳ ಸಮಾಜ ವಿಜ್ಞಾನ, ಕನ್ನಡ ಪುಸ್ತಕ ಎರಡನ್ನೂ ತೆರೀರಿ. ಜಾತಿ, ಜೀತ, ದೇವದಾಸಿ, ಮಲ ಹೊರೋದು ಇವುಗಳ ಬಗ್ಗೆ ಇರೋ ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ ಹಾಕಿ: ಮಾಡಿದ್ದು ಯಾರು? ವಾಕ್ಯ ಉತ್ತರ ಕೊಡ್ಲಿಲ್ಲ ಅಂದ್ರೆ ತರಗತಿ, ಪುಟ ಸಂಖ್ಯೆ, ಪ್ರಕಾಶಕರ ಹೆಸರಿನ ಜೊತೆ ಫೋಟೋ ಕಾಮೆಂಟ್‌ನಲ್ಲಿ ಹಾಕಿ. ಪಟ್ಟಿ ನಾನು ಮಾಡ್ತೀನಿ, ಅದೊಂದು ಕೆಲಸ ನನಗೆ ಬರುತ್ತೆ. ಎಸ್‌ಡಿಎಂಸಿಯಲ್ಲಿ ಇರೋ ನಮ್ಮವರು ಸಭೆಯ ನಡಾವಳಿಯಲ್ಲಿ ಬರೆಸಿ. ಪಠ್ಯಪುಸ್ತಕ ಸಂಘಕ್ಕೆ, ಶಿಕ್ಷಣ ಸಚಿವರಿಗೆ ಒಟ್ಟಿಗೆ ಕೊಡೋಣ, ಮುಂದಿನ ವರ್ಷದ ಪುಸ್ತಕ ಅಚ್ಚಿಗೆ ಹೋಗೋದಕ್ಕೆ ಮುಂಚೆ. ಅಚ್ಚಾದ ಮೇಲೆ ಕೂಗಿದ್ರೆ ಮತ್ತೆ ಹಾಳೆನೇ ಗತಿ.

ಮಗಳ ಪ್ರಶ್ನೆಗೆ ಆ ರಾತ್ರಿ ನಾನು ಉತ್ತರ ಹೇಳಲಿಲ್ಲ. ನಮ್ಮವ್ವನನ್ನ ಕೇಳು ಅಂತ ಕಳಿಸಿದೆ. ಅರ್ಧ ಗಂಟೆ ಆದ ಮೇಲೆ ಬಂದು ನೋಟ್ಸಿನಲ್ಲಿ 'ಪಿಡುಗು' ಹೊಡೆದುಹಾಕಿ 'ಅಪರಾಧ' ಅಂತ ಬರೆದಳು. ಸಂವಿಧಾನದ 17ನೇ ವಿಧಿ ಹೇಳೋದೂ ಅದನ್ನೇ. ಪರೀಕ್ಷೆಯಲ್ಲಿ ಮಾರ್ಕ್ಸ್ ಕಟ್ ಮಾಡ್ತಾರಾ ಅಂತ ಕೇಳಿದಳು. ಮಾಡಿದ್ರೆ ಆ ಪೇಪರ್ ಹಿಡ್ಕೊಂಡು ನಾನೇ ಸ್ಕೂಲಿಗೆ ಬರ್ತೀನಿ ಅಂದೆ.

ಜೈ ಭೀಮ್.