ಕುಡಿತ ಬಿಡಬೇಕೆಂದವನು ಎಲ್ಲಿಗೆ ಹೋಗಬೇಕು?

ಮದ್ಯಪಾನ ಹರಾಮ್ ಎಂಬುದನ್ನು ನಮ್ಮಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಮದ್ರಸಕ್ಕೆ ಹೋಗುವ ಮಗುವಿಗೂ ಅದು ಗೊತ್ತು. ಕುಡಿಯುವವನಿಗಂತೂ ಇನ್ನೂ ಚೆನ್ನಾಗಿ ಗೊತ್ತು. ಆದರೂ ನಮ್ಮ ಮೊಹಲ್ಲಾಗಳಲ್ಲಿ ಕುಡಿತಕ್ಕೆ ದಾಸರಾದವರಿದ್ದಾರೆ. 'ನಮ್ಮವರಲ್ಲಿ ಅದಿಲ್ಲ' ಎಂದು ನಾವು ಸಭೆಗಳಲ್ಲಿ ಹೇಳಿಕೊಳ್ಳುತ್ತೇವೆ. ಆ ಮಾತಿನ ಬೆಲೆಯನ್ನು ತೆರುವವರು ಅವರ ಹೆಂಡತಿ ಮಕ್ಕಳು.

ಕಳೆದ ರಮಝಾನ್‌ನ ಆರಂಭದಲ್ಲಿ ಸಹೋದರಿಯೊಬ್ಬರು ನಮಗೆ ಕರೆ ಮಾಡಿದ್ದರು. ಹದಿನೈದು ವರ್ಷಗಳಿಂದ ದಿನವೂ ಕುಡಿಯುತ್ತಿದ್ದ ಪತಿಯನ್ನು, ಪುಣ್ಯಮಾಸದಲ್ಲಾದರೂ ಬಿಡಲಿ ಎಂದು ಮನೆಯವರು ಕೋಣೆಯಲ್ಲಿ ಕೂಡಿಹಾಕಿದ್ದರು. ಮರುದಿನ ಕೈಕಾಲು ನಡುಗತೊಡಗಿ, ಫಿಟ್ಸ್ ಬಂತು. ಮೂರನೆಯ ರಾತ್ರಿ ಅವರು ಗೋಡೆಯತ್ತ ನೋಡುತ್ತಾ ಯಾರೊಂದಿಗೋ ಮಾತಾಡುತ್ತಿದ್ದರು. ಜಿನ್ನ್ ಬಾಧೆಯೆಂದು ಹಿರಿಯರೊಬ್ಬರು ಮಂತ್ರಿಸುವವರನ್ನು ಕರೆಸಲು ಹೊರಟಿದ್ದರು. ಮೊದಲು ಆಸ್ಪತ್ರೆಗೆ ಒಯ್ಯಿರಿ ಎಂದೆವು. ಅಲ್ಲಾಹನ ಕೃಪೆಯಿಂದ ಅವರು ಉಳಿದರು.

ಇದು ಜಿನ್ನ್ ಅಲ್ಲ. ವರ್ಷಗಟ್ಟಲೆ ವಿಪರೀತ ಕುಡಿದವರು ಹಠಾತ್ತನೆ ನಿಲ್ಲಿಸಿದಾಗ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಆನಂತರದ ದಿನಗಳಲ್ಲಿ ಸನ್ನಿ ಹಿಡಿಯಬಹುದು. ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. ಆದ್ದರಿಂದ ಮೊದಲ ಹೆಜ್ಜೆ ವೈದ್ಯರ ಬಳಿಗೆ. ಆ ದಿನಗಳ ಉಪವಾಸದ ಬಗ್ಗೆ ಚಿಂತೆ ಬೇಡ, ರೋಗಿಗೆ ಶರೀಅತ್ ರಿಯಾಯಿತಿ ನೀಡಿದೆ. ಇನ್ನು, 'ಕುಡಿಯುವವರಿಗೆ ತಿಳಿಯದಂತೆ ಮದ್ಯ ಬಿಡಿಸುತ್ತೇವೆ' ಎಂಬ ಜಾಹೀರಾತುಗಳನ್ನು ನಂಬಿ ಸಾರಿಗೆ ಪುಡಿ ಬೆರೆಸುವ ತಾಯಂದಿರನ್ನು ನಾವು ಕಂಡಿದ್ದೇವೆ. ಡೈಸಲ್ಫಿರಾಮ್‌ನಂತಹ ಔಷಧಿ ಹೊಟ್ಟೆಯಲ್ಲಿರುವಾಗ ಅರಿಯದೆ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ಅದು ರೋಗಿಗೆ ತಿಳಿಸಿ, ವೈದ್ಯರ ನಿಗಾದಲ್ಲಿ ಕೊಡಬೇಕಾದ ಔಷಧಿ.

ಆಸ್ಪತ್ರೆ ಶರೀರದಿಂದ ಮದ್ಯವನ್ನು ಹೊರಹಾಕುತ್ತದೆ. ಮನೆಗೆ ಮರಳಿದ ಮೇಲೆ ಏನು? ಅದೇ ಸಂಜೆ, ಅದೇ ಗೆಳೆಯರು, ಅದೇ ಅಂಗಡಿಯ ದಾರಿ. ಇಲ್ಲಿಯೇ ಸಂಗಾತಿಗಳು ಬೇಕಾಗುವುದು. 1935ರಲ್ಲಿ ಅಮೆರಿಕದ ಆ್ಯಕ್ರನ್ ನಗರದಲ್ಲಿ ಇಬ್ಬರು ಕುಡುಕರು, ಒಬ್ಬ ಷೇರು ವ್ಯವಹಾರದವನು ಮತ್ತು ಒಬ್ಬ ವೈದ್ಯ, ಪರಸ್ಪರ ಮಾತಾಡಿಕೊಂಡೇ ಕುಡಿತದಿಂದ ಹೊರಬಂದರು. ಅಲ್ಲಿಂದ ಬೆಳೆದದ್ದು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ. ಬೆಂಗಳೂರು, ಮಂಗಳೂರುಗಳಲ್ಲಿಯೂ ಅದರ ಸಭೆಗಳು ನಡೆಯುತ್ತವೆ. ಶುಲ್ಕವಿಲ್ಲ. ಪೂರ್ಣ ಹೆಸರು ಕೇಳುವುದಿಲ್ಲ. ಕುಡಿತ ಬಿಡಬೇಕೆಂಬ ಬಯಕೆಯೊಂದೇ ಪ್ರವೇಶದ ಅರ್ಹತೆ. ಕುಡಿದು ಬಿಟ್ಟವರು ತಮ್ಮ ಕಥೆ ಹೇಳುತ್ತಾರೆ, ಹೊಸಬರು ಕೇಳುತ್ತಾರೆ. ಜೀವನಪರ್ಯಂತ ಬಿಡುತ್ತೇನೆಂದು ಯಾರೂ ಆಣೆಯಿಡುವುದಿಲ್ಲ. ಇಂದು ಒಂದು ದಿನ ಕುಡಿಯುವುದಿಲ್ಲ ಎಂದಷ್ಟೇ ನಿಶ್ಚಯಿಸುತ್ತಾರೆ. ಮನೆಯವರಿಗಾಗಿ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟವಿದೆ.

ಹಲವು ಸಭೆಗಳು ಚರ್ಚಿಗೆ ಸೇರಿದ ಕೊಠಡಿಗಳಲ್ಲಿ ನಡೆಯುತ್ತವೆ ಎಂಬುದು ನಮ್ಮವರ ಅಳುಕು. ಕೊಠಡಿ ಕೊಟ್ಟವರು ಅವರು, ಅಷ್ಟೇ. ಎಎಯ ಹನ್ನೆರಡು ಹೆಜ್ಜೆಗಳಲ್ಲಿ ದೇವನ ಪ್ರಸ್ತಾಪವಿದೆ, ಆದರೆ ಪ್ರತಿಯೊಬ್ಬನೂ ತಾನು ಅರಿತಂತೆ ಅವನನ್ನು ನೆನೆಯಬಹುದು. ಮುಸ್ಲಿಮನು ಅಲ್ಲಿ ಅಲ್ಲಾಹನನ್ನೇ ನೆನೆಯುತ್ತಾನೆ. 1989ರಲ್ಲಿ ಬಾಲ್ಟಿಮೋರ್‌ನ ಮುಸ್ಲಿಮರು ಇದೇ ಹೆಜ್ಜೆಗಳನ್ನು ಇಸ್ಲಾಮೀ ನೆಲೆಯಲ್ಲಿ ಅಳವಡಿಸಿಕೊಂಡು 'ಮಿಲ್ಲತಿ ಇಸ್ಲಾಮಿ' ಎಂಬ ಕೂಟವನ್ನೇ ಕಟ್ಟಿದರು.

ಹತ್ತಿರದ ಕೂಟ ಎಲ್ಲಿದೆಯೆಂದು ತಿಳಿಯಲು ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕೇಳಬಹುದು. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446 ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಒಂದು ಕೇಂದ್ರವಿದೆ. ಧರ್ಮಸ್ಥಳದ ಆಶ್ರಯದ ಮದ್ಯವರ್ಜನ ಶಿಬಿರಗಳು ರಾಜ್ಯದ ಹಳ್ಳಿಹಳ್ಳಿಗಳನ್ನು ತಲುಪಿವೆ. ಆ ಪರಿಶ್ರಮವನ್ನು ಮೆಚ್ಚಲು ನಮಗೆ ಸಂಕೋಚವಿರಬಾರದು. ಆದರೆ ಮದ್ಯವನ್ನು ಇಷ್ಟು ಸ್ಪಷ್ಟವಾಗಿ ನಿಷೇಧಿಸಿದ ಧರ್ಮದ ಅನುಯಾಯಿಗಳಾದ ನಾವು ಅದನ್ನು ಬಿಡಲು ಹೊರಟವನಿಗೆಂದು ಏನನ್ನು ಕಟ್ಟಿದ್ದೇವೆ?

ನಮ್ಮಲ್ಲಿ ಸಿದ್ಧವಾಗಿರುವುದು ಛೀಮಾರಿ. ಪ್ರವಾದಿಯವರ(ಸ) ಕಾಲದಲ್ಲಿ ಮದ್ಯಪಾನಕ್ಕಾಗಿ ಮತ್ತೆ ಮತ್ತೆ ಶಿಕ್ಷೆಗೊಳಗಾದ ಒಬ್ಬ ವ್ಯಕ್ತಿಯಿದ್ದರು. ನೆರೆದವರಲ್ಲೊಬ್ಬರು ಅವರನ್ನು ಶಪಿಸಿದಾಗ ಪ್ರವಾದಿಯವರು(ಸ) ತಡೆದರು; ಆತ ಅಲ್ಲಾಹನನ್ನೂ ಅವನ ರಸೂಲರನ್ನೂ ಪ್ರೀತಿಸುವವನೆಂದು ಸಾಕ್ಷ್ಯ ನುಡಿದರು. ಬುಖಾರಿಯಲ್ಲಿರುವ ಈ ಹದೀಸನ್ನು ಮಿಂಬರ್‌ನಿಂದ ನಾವು ಕೇಳಿದ್ದು ಬಹಳ ಕಡಿಮೆ. ಶಿಕ್ಷೆ ಜಾರಿಯಾಗುತ್ತಿದ್ದ ಸಮಾಜದಲ್ಲಿಯೂ ಆ ಮನುಷ್ಯ ಜಮಾಅತ್‌ನ ಹೊರಗಿನವನಾಗಲಿಲ್ಲ. ನಮ್ಮಲ್ಲಾದರೋ ಅವನ ಮಗಳ ಸಂಬಂಧವೇ ಮುರಿದುಬೀಳುತ್ತದೆ.

ಮೇಲೆ ಹೇಳಿದ ಆ ಸಹೋದರರು ಈಗ ಪ್ರತಿ ಭಾನುವಾರ ಎರಡು ಬಸ್ ಬದಲಿಸಿ ಪಕ್ಕದ ಪಟ್ಟಣದ ಸಭೆಗೆ ಹೋಗುತ್ತಿದ್ದಾರೆ. ನಡುವೆ ಒಮ್ಮೆ ಜಾರಿದರು, ಮರುವಾರ ಮತ್ತೆ ಹೋದರು. ಊರಿನಲ್ಲಿ ಕೇಳಿದವರಿಗೆ ಕೆಲಸಕ್ಕೆಂದು ಹೇಳುತ್ತಾರೆ.

ಜಮಾಅತ್‌ನ ಹೊಣೆ ಹೊತ್ತವರಲ್ಲಿ ನಮ್ಮದೊಂದು ವಿನಂತಿ. ವಾರಕ್ಕೊಂದು ಸಂಜೆ, ಇಶಾ ನಂತರ, ಮದ್ರಸದ ಒಂದು ಕೊಠಡಿಯನ್ನು ಇಂಥವರಿಗೆ ಬಿಟ್ಟುಕೊಡಿ. ಪ್ರವಚನ ಬೇಡ, ಹಾಜರಿ ಪುಸ್ತಕ ಬೇಡ, ವಾಟ್ಸ್ಆ್ಯಪ್‌ಗೆ ಫೋಟೋ ಅಂತೂ ಬೇಡವೇ ಬೇಡ. ಕುಡಿತ ಬಿಟ್ಟು ಕೆಲವು ವರ್ಷಗಳಾದ ಒಬ್ಬರು ಸಿಕ್ಕರೆ ಆರಂಭಕ್ಕೆ ಸಾಕು. ಅವರು ಮುಸ್ಲಿಮರೇ ಆಗಿರಬೇಕೆಂದೇನೂ ಇಲ್ಲ.