ಕಾರಿನ ಹೆಸರು ಯಾವ್ದಾರ ಇರ್ಲಿ, ರಿಪೇರಿ ನಮ್ಮೂರಾಗೆ ಆಗ್ಬೇಕು

ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಈಗಲೂ ವಯಸ್ಸಾದೋರು ಕಾರು ಅಂದ್ರೆ ಅಂಬಾಸಿಡ್ರು ಅಂತ್ಲೇ ತಿಳ್ಕಂತಾರೆ. ಶೇಂಗಾ ಮಂಡಿ ಸಾವ್ಕಾರ್ರು, ಎಣ್ಣೆ ಮಿಲ್ಲಿನೋರು, ರೇಷ್ಮೆ ಸೀರೆ ವ್ಯಾಪಾರದೋರು, ಎಲೆಕ್ಷನ್ನಿಗೆ ನಿಂತೋರು, ಇವರ ಬಾಗಿಲ ಮುಂದೆಲ್ಲ ಅದೇ ದುಂಡು ಬೆನ್ನಿನ ಬಿಳಿ ಕಾರು. ಮದುವೆ ಹೆಣ್ಣುಗಂಡನ್ನ ಕರ್ಕಂಡು ಬರೋದು ಅದ್ರಾಗೆ, ಹೆರಿಗೆ ನೋವು ಬಂದ್ರೆ ಬಳ್ಳಾರಿಗೋ ದುರ್ಗಕ್ಕೋ ಓಡ್ಸೋದು ಅದ್ರಾಗೆ, ನಾಯಕನಹಟ್ಟಿ ತೇರಿಗೆ ಮಕ್ಕಳು ಮರಿ ಸೇರಿ ಹತ್ತು ಜನ ಒತ್ತರಿಸ್ಕಂಡು ಹೋಗೋದೂ ಅದ್ರಾಗೇ.

ಆ ಕಾಲದ ಕಾರೇ ಕಾರು, ಈಗಿನವೆಲ್ಲ ಬರೇ ತಗಡು ಅಂತ ಕಟ್ಟೆ ಮ್ಯಾಲೆ ಕುಂತು ಮಾತಾಡೋರು ಬೇಕಾದಷ್ಟು ಜನ ಅವ್ರೆ. ಆ ಮಾತು ನಾನು ಒಪ್ಪಲ್ಲ. ಆದ್ರೆ ಮನೆ ನಡೆಸೋರು ಆ ಕಾರಿನಿಂದ ಕಲಿಯೋ ಪಾಠ ಒಂದೈತೆ. ಗಾಡಿ ಕೊಳ್ಳುವಾಗ ಮೊದ್ಲು ಕೇಳಬೇಕಾದ್ದು, ಇದು ಕೆಟ್ರೆ ನಮ್ಮೂರ ಮೆಕ್ಯಾನಿಕ್ಕಿನ ಕೈಲಿ ಬಿಚ್ಚಾಕೆ ಆಗ್ತೈತಾ ಅಂತ. ಮೈಲೇಜು, ಬಣ್ಣ, ಕಂಪನಿ ಹೆಸರು ಎಲ್ಲಾ ಆಮ್ಯಾಲೆ.

ಅಂಬಾಸಿಡ್ರು ಹುಟ್ಟಿದ್ದೇ ನಮ್ಮ ದೇಶದಾಗೆ ಅಂತ ಎಷ್ಟೋ ಜನ ಅಂದ್ಕಂಡವ್ರೆ. ಅದರ ಮೈಕಟ್ಟು ಇಂಗ್ಲೆಂಡಿಂದು. ಅಲ್ಲಿ ಮಾರಿಸ್ ಆಕ್ಸ್‌ಫರ್ಡ್ ಅಂತ ಸಂಸಾರಸ್ಥರ ಕಾರೊಂದಿತ್ತು. 1954ರಲ್ಲಿ ಬಂದ ಅದರ ಎರಡನೇ ಸರಣಿಯನ್ನ ಬಿರ್ಲಾ ಅವರ ಹಿಂದೂಸ್ಥಾನ್ ಮೋಟಾರ್ಸ್ ಕಂಪನಿ ಇಲ್ಲಿ ಲ್ಯಾಂಡ್‌ಮಾಸ್ಟರ್ ಅಂತ ಮಾಡ್ತು. 1956ರಲ್ಲಿ ಬಂದ ಮೂರನೇ ಸರಣಿ ಇಲ್ಲಿಗೆ ಬಂದು ಅಂಬಾಸಿಡರ್ ಆಯ್ತು. ಇಂಗ್ಲೆಂಡಿನಾಗೆ ಆ ಮೂರನೇ ಸರಣಿ 1959ಕ್ಕೇ ನಿಂತೋಯ್ತು. ಬಂಗಾಳದ ಉತ್ತರಪಾರಾ ಕಾರ್ಖಾನೆಯಾಗೆ ಮಾತ್ರ 2014ರ ಮೇ ತಿಂಗಳವರೆಗೂ ಬರ್ತಾನೇ ಇತ್ತು. ಮುಂದಿನ ಜಾಲರಿ ಬದಲಾಯ್ತು, ದೀಪ ಬದಲಾಯ್ತು, ಮಾರ್ಕ್ 2, ಮಾರ್ಕ್ 3, ಮಾರ್ಕ್ 4, ನೋವಾ ಅಂತ ಹೆಸರಿನ ಬಾಲ ಬದಲಾಯ್ತು. ಮೈಕಟ್ಟು ಅದೇ ಉಳೀತು.

ಅದೇ ಹೊತ್ತಿಗೆ ಇಂಗ್ಲೆಂಡಿನಾಗೆ ನಡೆದಿದ್ದು ಇನ್ನೊಂದು ಕಥೆ. ಆಸ್ಟಿನ್ ಕಂಪನಿ, ಮಾರಿಸ್ ಕಡೆಯ ಕಂಪನಿಗಳು 1952ರಲ್ಲಿ ಕೂಡಿ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್, ಅಂದ್ರೆ ಬಿಎಂಸಿ ಆಗಿದ್ವು. ಅವರು ಇಟಲಿಯ ಪಿನಿನ್‌ಫರೀನಾ ಕೈಲಿ ಒಂದು ಮೈಕಟ್ಟು ಬರೆಸಿದ್ರು. ಅದನ್ನೇ 1958ರ ಕೊನೆಗೆ ವೂಲ್ಸ್‌ಲಿ ಅಂತ ಬಿಟ್ರು. 1959ರಾಗೆ ಆಸ್ಟಿನ್ ಕೇಂಬ್ರಿಜ್ ಅಂತ, ಮಾರಿಸ್ ಆಕ್ಸ್‌ಫರ್ಡ್ ಐದನೇ ಸರಣಿ ಅಂತ, ಎಂಜಿ ಮ್ಯಾಗ್ನೆಟ್ ಅಂತ, ರೈಲಿ ಅಂತ ಬಿಟ್ರು. ಒಂದೇ ಮೈಗೆ ಐದು ಹೆಸರು. ಒಂದಕ್ಕೆ ಜಾಲರಿ ಬ್ಯಾರೆ, ಒಂದಕ್ಕೆ ಒಳಗೆ ಮರದ ಹಲಗೆ, ಎಂಜಿ ಮತ್ತೆ ರೈಲಿಗೆ ಎರಡೆರಡು ಕಾರ್ಬುರೇಟರು. ಅಚ್ಚು ಒಂದೇ ಸಾಕಾದ್ರಿಂದ ಖರ್ಚು ಕಮ್ಮಿ. ನಮ್ಮಪ್ಪನ ಕಾಲದಿಂದ್ಲೂ ಆಸ್ಟಿನ್ನೇ ತಗಳ್ಳೋದು ಅನ್ನೋ ಗಿರಾಕಿನೂ ಕೈ ಬಿಡಲ್ಲ.

ಬಾನೆಟ್ಟಿನ ಕೆಳಗೆ ನೋಡಿದ್ರೆ ಐದರಾಗೂ ಬಿಎಂಸಿಯ 1489 ಸಿಸಿ ಬಿ-ಸರಣಿ ಇಂಜಿನ್ನು. ನಮ್ಮ ಅಂಬಾಸಿಡ್ರಿಗೂ ಮೊದಲಿದ್ದ ಹಳೇ ಇಂಜಿನ್ನು ಹೋಗಿ ಕೂತಿದ್ದು ಅದೇ ಬಿ-ಸರಣಿ 1489. ಆಮೇಲೆ ಬಂದ ಡೀಸೆಲ್ ಅಂಬಾಸಿಡ್ರಿನ ಇಂಜಿನ್ನೂ ಅದೇ ವಂಶದ್ದು.

ಒಂದೇ ವಿನ್ಯಾಸವನ್ನ ಹತ್ತು ಕಡೆ ಹಂಚ್ಕಂಬೋದ್ರಿಂದ ಕಂಪನಿಗೆ ಲಾಭ, ಅದು ಸರಿ. ನಮ್ಮ ಕಡೆ ಅದರಿಂದ ಕಂಪನಿ ಎಣಿಸದೇ ಇದ್ದ ಇನ್ನೊಂದು ಲಾಭ ಆಯ್ತು. ಐವತ್ತು ವರ್ಷ ಒಂದೇ ಇಂಜಿನ್ನು, ಒಂದೇ ಕಮಾನ್‌ಪಟ್ಟೆ, ಒಂದೇ ಗೇರ್‌ಬಾಕ್ಸಿನ ಜಾತಿ ಬಿಚ್ಚಿ ಬಿಚ್ಚಿ ಊರೂರ ಮೆಕ್ಯಾನಿಕ್ಕಿಗೆ ಅದು ಬಾಯಿಪಾಠ ಆಗೋಯ್ತು. ಗ್ಯಾರೇಜಿನಾಗೆ ಸ್ಪ್ಯಾನರು ಎತ್ಕೊಡೋಕೆ ಸೇರಿದ ಹುಡುಗ ಹತ್ತು ವರ್ಷಕ್ಕೆ ತಾನೇ ಶೆಡ್ಡು ಹಾಕ್ತಿದ್ದ. ಹೊಸಾ ಪಾರ್ಟು ಸಿಗದಿದ್ರೆ ಗುಜರಿಯಾಗೆ ಸಿಗೋದು. ಗುಜರಿಯಾಗೂ ಸಿಗದಿದ್ರೆ ಲೇತಿನೋನು ಕಡೆದು ಕೊಡೋನು. ಶಬ್ದ ಕೇಳೇ "ಟ್ಯಾಪೆಟ್ಟು ಸಡಿಲಾಗೈತೆ ಕಣಣ್ಣ" ಅನ್ನೋ ಕಿವಿ ನಮ್ಮೂರಾಗೇ ಇದ್ವು. ದುಡ್ಡು ಊರಿನಾಗೇ ತಿರುಗ್ತಿತ್ತು. ಮೆಕ್ಯಾನಿಕ್ಕು, ಟಿಂಕರು, ಪೇಂಟರು, ಸೀಟು ಹೊಲಿಯೋನು, ಬ್ಯಾಟರಿಯೋನು, ಒಂದು ಕಾರಿನಿಂದ ಐದು ಮನೆ ಒಲೆ ಉರೀತಿತ್ತು.

ಇದನ್ನ ಕಂಪನಿಯ ದೊಡ್ಡತನ ಅಂತ ಹೇಳಂಗಿಲ್ಲ. ಅದೇ 2014ರ ಆಗಸ್ಟಿನಾಗೆ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕ್ತು. ಬಿಡಿಭಾಗ, ರಿಪೇರಿ ಮಾಹಿತಿ, ಪರೀಕ್ಷೆ ಮಾಡೋ ಉಪಕರಣ ಇವನ್ನ ಹೊರಗಿನ ಗ್ಯಾರೇಜಿಗೆ ಸಿಗದಂಗೆ ಕಟ್ಟಾಕಿದ್ದಾರೆ ಅಂಬೋದು ಆಕ್ಷೇಪ. ಆ 14ರ ಪಟ್ಟಿಯಾಗೆ ಹಿಂದೂಸ್ಥಾನ್ ಮೋಟಾರ್ಸ್ ಹೆಸರೂ ಇತ್ತು! ಅಂದ್ರೆ ಅಂಬಾಸಿಡ್ರು ಬಿಚ್ಚಾಕೆ ಬಂದಿದ್ದು ಯಾರೋ ಕೊಟ್ಟ ವರದಿಂದಲ್ಲ. ಅದು ಅಷ್ಟು ಹಳೇದು, ಅಷ್ಟು ಸರಳ, ಮುಚ್ಚಿಡಾಕೆ ಅದ್ರಾಗೆ ಏನೂ ಇರ್ಲಿಲ್ಲ.

ಈಗಿನ ಕಾರುಗಳಾಗೂ ಆ ಐದು ಹೆಸರಿನ ಆಟ ನಿಂತಿಲ್ಲ. ಮಾರುತಿ ಬಲೆನೊ, ಟೊಯೊಟಾ ಗ್ಲಾಂಜಾ ಎರಡನ್ನೂ ಪಕ್ಕಪಕ್ಕ ನಿಲ್ಸಿ ನೋಡ್ರಿ, ಅಣ್ಣತಮ್ಮ ಅಲ್ಲ, ಅವಳಿ. ಚೀನಾದಾಗೆ ಬಾವೋಜುನ್ 530 ಅಂತ ಮಾರ್ತಿದ್ದ ಕಾರೇ 2019ರಾಗೆ ಇಲ್ಲಿ ಎಂಜಿ ಹೆಕ್ಟರ್ ಅಂತ ಬಂತು. ಅವತ್ತಿನ ಐದು ಹೆಸರಿನಾಗೆ ಒಂದಾಗಿದ್ದ ಎಂಜಿನೇ ಇದು, ಈಗ ಚೀನಾದ ಕಂಪನಿ ಕೈಗೆ ಹೋಗೈತೆ. ವಿನ್ಯಾಸ ಹಂಚ್ಕಂಡ್ರೆ ನನಗೇನೂ ತಕರಾರಿಲ್ಲ. ಕಂಪನಿ ಕಂಪನಿ ತಮ್ಮ ತಮ್ಮಾಗೆ ಹಂಚ್ಕಂತಾರೆ, ಊರ ಮೆಕ್ಯಾನಿಕ್ಕಿಗೆ ಮಾತ್ರ ಬೀಗ ಹಾಕ್ತಾರೆ, ನನ್ನ ತಕರಾರು ಅಲ್ಲೈತೆ.

ನಮ್ಮ ನೆಂಟರ ಮನೆ ಕಾರೊಂದು ಹೋದ ವರ್ಷ ಹಿರಿಯೂರು ರೋಡಾಗೆ ನಿಂತೋಯ್ತು. ಡ್ಯಾಶಿನಾಗೆ ಹಳದಿ ದೀಪ. ಬ್ಯಾಟರಿ ಸರಿ ಐತೆ, ಡೀಸೆಲ್ ಐತೆ, ಇಂಜಿನ್ನು ತಿರುಗ್ತೈತೆ, ಹಿಡಿಯಲ್ಲ. ಊರಿನ ಮೆಕ್ಯಾನಿಕ್ಕು ಬಂದ, ಪಾಪ, ಬುದ್ಧಿವಂತ ಹುಡುಗ. ಬೈಂಡಿಂಗು ನೋಡ್ದ, ಫಿಲ್ಟರು ನೋಡ್ದ, ಕೊನೆಗೆ "ಚಿಕ್ಕಮ್ಮ, ಇದು ಸೆನ್ಸರಿಂದು. ಕೆಟ್ಟಿರೋದು ಯಾವ್ದು ಅಂತ ಗೊತ್ತಾದ್ರೂ ಹೊಸಾದು ಹಾಕಿ ಒಪ್ಪಿಸ್ಬೇಕಂದ್ರೆ ಅವರ ಸಾಫ್ಟ್‌ವೇರೇ ಬೇಕು" ಅಂದ. ಗಾಡಿ ಎಳ್ಕಂಡು ಹೋಗಾಕೆ ಬ್ಯಾರೆ ದುಡ್ಡು, ಸರ್ವಿಸ್ ಸೆಂಟರಿನಾಗೆ ನಾಕು ದಿನ ಕಾಯೋದು, ಬಿಲ್ಲು ನೋಡಿ ಮನೆಯೋರು ಮೆತ್ತಗಾದ್ರು. ಆ ಹುಡುಗನಿಗೆ ಕೆಲ್ಸ ಬರ್ತಿತ್ತು, ಕೈಗೆ ಕೀಲಿ ಕೊಟ್ಟಿರ್ಲಿಲ್ಲ, ಅಷ್ಟೇ.

ಅಂಬಾಸಿಡ್ರಿನ ಕೆಡುಕೂ ಹೇಳಾನ. ಸ್ಟೇರಿಂಗು ತಿರುಗಿಸಾಕೆ ಎತ್ತಿನ ಬಲ ಬೇಕು. ಡೀಸೆಲ್ ಗಾಡಿ ಹಿಂದೆ ಹೋದ್ರೆ ಹೊಗೆಗೆ ಕಣ್ಣು ಕಾಣ್ತಿರ್ಲಿಲ್ಲ. ಏರ್‌ಬ್ಯಾಗು ಇಲ್ಲ, ಬೆಲ್ಟು ಇದ್ರೂ ಸೀಟಿನ ಸಂದಿಗೆ ಸೇರ್ಕಂಡಿರೋದು. ಪರ್ಮಿಟ್ ರಾಜ್ಯದ ಕಾಲದಾಗೆ ಬುಕ್ ಮಾಡಿ ವರ್ಷಗಟ್ಲೆ ಕಾಯ್ಬೇಕಿತ್ತು, ಪೈಪೋಟಿ ಇಲ್ಲದ್ದಕ್ಕೇ ಕಂಪನಿ ಸುಧಾರಿಸಲೂ ಇಲ್ಲ. ಈಗಿನ ಗಾಡಿಯಾಗೆ ಇರೋ ಎಲೆಕ್ಟ್ರಾನಿಕ್ಸ್ ಸುಮ್ನೆ ಬಂದಿದ್ದಲ್ಲ, 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ನಿಯಮಕ್ಕೆ ಹೊಗೆ ಕಮ್ಮಿ ಆಗ್ಬೇಕಂದ್ರೆ ಅದು ಬೇಕೇ ಬೇಕು. ಮಕ್ಕಳ ಎದೆಗೆ ಒಳ್ಳೇದು. ಆದ್ರೆ ಹೊಗೆ ತಡೆಯೋದಕ್ಕೂ ಊರ ಗ್ಯಾರೇಜು ಮುಚ್ಚಿಸೋದಕ್ಕೂ ಏನು ಸಂಬಂಧ ನೀವೇ ಹೇಳ್ರಿ? ಸೆನ್ಸರು ಇರ್ಲಿ, ಅದನ್ನ ಓದೋ ವಿದ್ಯೆಯನ್ನ ನ್ಯಾಯವಾದ ಬೆಲೆಗೆ ಎಲ್ರಿಗೂ ಕೊಡ್ಲಿ.

ಮೊಳಕಾಲ್ಮೂರು ಸೀರೆನೇ ತಗಳ್ರಿ. 2011ರಲ್ಲಿ ಅದಕ್ಕೆ ಜಿಐ ಟ್ಯಾಗು ಸಿಕ್ತು. ಅಂದ್ರೆ ಆ ಹೆಸರು ಒಬ್ಬ ಸಾವ್ಕಾರಂದಲ್ಲ, ಆ ನೆಲದ ನೇಕಾರರದ್ದು. ಅಂಚು, ಸೆರಗು, ಬುಟ್ಟಾ ಹಾಕೋ ರೀತಿ ಒಂದು ಮಗ್ಗದಿಂದ ಇನ್ನೊಂದು ಮಗ್ಗಕ್ಕೆ, ಅಪ್ಪನಿಂದ ಮಗನಿಗೆ ಹೋಗೈತೆ. ಕಾರಿನ ಲೆಕ್ಕದಾಗೆ ಕಾರ್ಖಾನೆ ಒಂದು, ಹೆಸರು ಹಲವು. ಸೀರೆ ಲೆಕ್ಕದಾಗೆ ಹೆಸರು ಒಂದು, ಮಗ್ಗ ಹಲವು. ಎರಡರಾಗೂ ವಿನ್ಯಾಸ ಹಂಚಿಕೆನೇ, ಒಂದು ಹಂಚಿಕೆ ಮಾಡೋ ಕೈಗಳ ನಡುವೆ, ಇನ್ನೊಂದು ಮಾರೋ ಕೈಗಳ ನಡುವೆ. ನಮ್ಮ ಸೀಮೆಯೋರಿಗೆ ಮೊದಲನೇದು ಹೊಸಾದೇನಲ್ಲ.

ಕಾನೂನು ಎಲ್ಲೈತೆ ಅಂದ್ರಾ? ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರಾಗೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡ್ತು, ಅದೇ ಡಿಸೆಂಬರಿಗೆ ಪೋರ್ಟಲ್ಲೂ ತೆರೀತು. ಕಾರು, ಮೊಬೈಲು, ಮನೆ ಸಾಮಾನು, ಬೇಸಾಯದ ಯಂತ್ರ ನಾಕೂ ಅದ್ರಾಗೆ ಸೇರ್ಯಾವೆ. ಆದ್ರೆ ಪೋರ್ಟಲ್ಲು ಮಾಹಿತಿ ಕೊಡ್ತೈತೆ, ಕೊಡದಿದ್ದ ಕಂಪನಿ ಕೈ ಹಿಡಿಯೋ ಬಲ ಅದಕ್ಕಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನ 2012ರಲ್ಲೇ ಓಟು ಹಾಕಿ ಕಾರು ರಿಪೇರಿ ಮಾಹಿತಿ ಹೊರಗಿನ ಗ್ಯಾರೇಜಿಗೂ ಕೊಡ್ಬೇಕು ಅಂತ ತೀರ್ಮಾನ ಮಾಡಿದ್ರು. ನಮ್ಮಲ್ಲೂ ಅಂಥ ಗಟ್ಟಿ ಕಾನೂನು ಬರ್ಬೇಕು. ಐಟಿಐ ಓದಿದ ಚಳ್ಳಕೆರೆ ಹುಡುಗನ ಕೈಗೆ ಸ್ಕ್ಯಾನರು, ಕೈಪಿಡಿ, ಅಸಲಿ ಪಾರ್ಟು ಮೂರೂ ಸಿಗಂಗೆ ಇರ್ಬೇಕು. ನಾಳೆ ಬ್ಯಾಟರಿ ಗಾಡಿಗಳೇ ಜಾಸ್ತಿ ಆದಾಗ ಈ ಮಾತು ಇನ್ನೂ ಬಿಗಿ ಆಗ್ತೈತೆ.

ಹಿತ್ತಲಾಗೆ ಹಳೇ ಅಂಬಾಸಿಡ್ರು ನಿಲ್ಸಿರೋ ಮನೆಯೋರಿಗೂ ಒಂದು ಮಾತು. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದಿದ್ದು 2022ರ ಏಪ್ರಿಲ್‌ನಿಂದ 5,000 ಆಯ್ತು. ಇಪ್ಪತ್ತು ವರ್ಷ ದಾಟಿದ್ದಕ್ಕೆ 2025ರಾಗೆ 10,000 ಮಾಡಿದ್ರು. ಐವತ್ತು ವರ್ಷ ದಾಟಿದ್ದನ್ನ ವಿಂಟೇಜ್ ಅಂತ ಮಾಡಿಸ್ಬೋದು, ಅದಕ್ಕೆ 20,000 ಶುಲ್ಕ, ದಿನಾ ಓಡಿಸಂಗೂ ಇಲ್ಲ. ಓಡ್ಸೋ ಆಸೆ, ದುಡ್ಡು ಎರಡೂ ಇದ್ರೆ ಇಟ್ಕಳ್ರಿ. ಇಲ್ಲಾಂದ್ರೆ ಕೋಳಿ ಗೂಡು ಮಾಡಿ ತುಕ್ಕು ಹಿಡಿಸೋ ಬದಲು ಮಾರಿ, ಅದರ ಪಾರ್ಟಿನಿಂದ ಇನ್ನೊಂದು ಕಾರು ಓಡ್ಲಿ. ಹಳೇ ಕಾರು ಉಳಿಸೋದಕ್ಕಿಂತ ಅದನ್ನ ಬಿಚ್ಚಿ ಕಲಿತ ಕೈಗಳನ್ನ ಉಳಿಸೋದು ದೊಡ್ಡ ಕೆಲ್ಸ.

ಮುಂದಿನ ಸರ್ತಿ ಮನೆಗೆ ಗಾಡಿ ತರೋ ಮಾತು ಬಂದಾಗ ಶೋರೂಮಿಗೆ ಹೋಗೋಕೆ ಮುಂಚೆ ನಿಮ್ಮೂರ ಮೆಕ್ಯಾನಿಕ್ಕಿನ ಹತ್ರ ಹೋಗ್ರಿ. ಮೂರು ಮಾತು ಕೇಳ್ರಿ. ಇದರ ಪಾರ್ಟು ಹೊರಗೆ ಸಿಗ್ತೈತಾ, ನಿನ್ನ ಸ್ಕ್ಯಾನರು ಇದನ್ನ ಓದ್ತೈತಾ, ಇಂಥದ್ದು ಈ ವರ್ಷ ನೀನು ಎಷ್ಟು ಬಿಚ್ಚಿದ್ದೀಯಾ. ಶೋರೂಮಿನೋರನ್ನೂ ಅದನ್ನೇ ಕೇಳ್ರಿ. ಒಬ್ರು ಕೇಳಿದ್ರೆ ನಕ್ಕು ಸುಮ್ನಾಗ್ತಾರೆ. ತಾಲ್ಲೂಕಿನ ಮನೆಮನೆಯೋರು ಕೇಳಿದ್ರೆ ಉತ್ತರ ಹುಡುಕ್ಲೇಬೇಕಾಗ್ತೈತೆ.